ಸರ್ಕಾರಿ ಚಿಕಿತ್ಸೆಯ ಜೊತೆಗೆ ಖಾಸಗಿ ಆರೋಗ್ಯ ವಿಮೆ ಬೇಕೇ?

ಮನೆಯ ಹಿರಿಯರೊಬ್ಬರು ಹಠಾತ್ತನೆ ಆಸ್ಪತ್ರೆ ಸೇರಿದರೆ ಮಧ್ಯಮ ವರ್ಗದ ಕುಟುಂಬವು ಮೊದಲು ಹುಡುಕುವುದು ಹಣವನ್ನು. ವರ್ಷಗಟ್ಟಲೆ ಕೂಡಿಟ್ಟ ಉಳಿತಾಯವು ಒಂದು ವಾರದಲ್ಲಿ ಕರಗಿಹೋದ ಉದಾಹರಣೆಗಳು ಪ್ರತಿ ಬಡಾವಣೆಯಲ್ಲೂ ಸಿಗುತ್ತವೆ. ರಾಜ್ಯದಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ, ಸರ್ಕಾರದ ಆರೋಗ್ಯ ಯೋಜನೆಯೂ ಇದೆ. ಹೀಗಿರುವಾಗ ಪ್ರತಿ ವರ್ಷ ಸಾವಿರಾರು ರೂಪಾಯಿ ಕಂತು ಕಟ್ಟಿ ಖಾಸಗಿ ವಿಮೆಯನ್ನು ಮಾಡಿಸುವುದು ಅಗತ್ಯವೇ? ಉತ್ತರವು ಕುಟುಂಬದ ಪಡಿತರ ಚೀಟಿ, ಸದಸ್ಯರ ವಯಸ್ಸು ಮತ್ತು ಉದ್ಯೋಗವನ್ನು ಅವಲಂಬಿಸಿದೆ.

ಸರ್ಕಾರದ ರಕ್ಷಣೆ ಎಷ್ಟು?

ಕರ್ನಾಟಕದಲ್ಲಿ 2018ರ ಮಾರ್ಚ್‌ನಲ್ಲಿ 'ಆರೋಗ್ಯ ಕರ್ನಾಟಕ' ಯೋಜನೆ ಆರಂಭವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದನ್ನು ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ವಿಲೀನಗೊಳಿಸಲಾಯಿತು. ಇದರಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗಿನ ಚಿಕಿತ್ಸೆ ಉಚಿತ.

ಎಪಿಎಲ್ ಕುಟುಂಬಗಳ ಪಾಲಿಗೆ ಲೆಕ್ಕ ಬೇರೆ. ಇವರಿಗೆ ಸರ್ಕಾರವು ನಿಗದಿಪಡಿಸಿದ ಪ್ಯಾಕೇಜ್ ದರದ ಶೇ. 30ರಷ್ಟನ್ನು ಮಾತ್ರ ಭರಿಸುತ್ತದೆ. ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂ. ಮಿತಿಯೊಳಗೆ. ಪ್ಯಾಕೇಜ್ ದರ 1 ಲಕ್ಷ ರೂ. ಇದ್ದರೆ ರೋಗಿಯ ಪಾಲು 70 ಸಾವಿರ ರೂ. ಆಗುತ್ತದೆ. ನಗರದ ಬಹುಪಾಲು ಸಂಬಳದಾರರು ಈ ವರ್ಗಕ್ಕೆ ಸೇರಿದವರು.

ಇನ್ನೊಂದು ಷರತ್ತನ್ನೂ ಗಮನಿಸಬೇಕು. ಸಾಮಾನ್ಯ ಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿಯೇ ಪಡೆಯಬೇಕು. ಅಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಮಾತ್ರ ಶಿಫಾರಸು ಪತ್ರದೊಂದಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ನಿಗದಿತ ತುರ್ತು ಸಂದರ್ಭಗಳಲ್ಲಿ ಈ ಪತ್ರದ ಅಗತ್ಯವಿಲ್ಲ.

ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು 2018ರಲ್ಲಿ ನಿಂತು, 2023ರ ಜನವರಿಯಿಂದ ಪುನಃ ಜಾರಿಯಲ್ಲಿದೆ. ಎಪ್ಪತ್ತು ವರ್ಷ ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ 5 ಲಕ್ಷ ರೂ. ರಕ್ಷಣೆ ನೀಡುವ ಯೋಜನೆಗೆ ಕೇಂದ್ರ ಸರ್ಕಾರವು 2024ರ ಅಕ್ಟೋಬರ್ 29ರಂದು ಚಾಲನೆ ನೀಡಿತು. ಇದರ ವೆಚ್ಚದಲ್ಲಿ ರಾಜ್ಯಗಳೂ ಪಾಲುದಾರರಾಗಿರುವುದರಿಂದ, ಇದನ್ನೇ ನಂಬಿಕೊಳ್ಳುವ ಮುನ್ನ ಆಸ್ಪತ್ರೆಯ 'ಆರೋಗ್ಯ ಮಿತ್ರ'ರನ್ನು ವಿಚಾರಿಸುವುದು ಸೂಕ್ತ.

ಖಾಸಗಿ ವಿಮೆ ಕೊಡುವುದೇನು?

ವಿಮೆಯಿಂದ ದೊರೆಯುವುದು ಉತ್ತಮ ವೈದ್ಯರೆಂಬ ಭಾವನೆ ಸರಿಯಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ಕಿದ್ವಾಯಿ, ನಿಮ್ಹಾನ್ಸ್‌ಗಳಲ್ಲಿ ದೊರೆಯುವ ತಜ್ಞ ಚಿಕಿತ್ಸೆಗಾಗಿ ಹೊರರಾಜ್ಯಗಳಿಂದಲೂ ರೋಗಿಗಳು ಬರುತ್ತಾರೆ. ವಿಮೆ ಕೊಡುವುದು ಎರಡನ್ನು: ಆಸ್ಪತ್ರೆಯನ್ನು ಆಯ್ದುಕೊಳ್ಳುವ ಅವಕಾಶ ಮತ್ತು ಸಾಲದಿಂದ ರಕ್ಷಣೆ. ಸರದಿಯಲ್ಲಿ ಕಾಯಲಾಗದ ಸಮಯದಲ್ಲಿ, ಮನೆಗೆ ಸಮೀಪದ ಆಸ್ಪತ್ರೆಗೆ ಧಾವಿಸಬೇಕಾದಾಗ ಈ ಎರಡರ ಬೆಲೆ ತಿಳಿಯುತ್ತದೆ.

ಇತ್ತೀಚಿನ ನಿಯಮಗಳು ಪಾಲಿಸಿದಾರರಿಗೆ ಅನುಕೂಲಕರವಾಗಿವೆ. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ 48 ತಿಂಗಳಿಂದ 36 ತಿಂಗಳಿಗೆ ಇಳಿಸಿತು. ಸತತ 60 ತಿಂಗಳು ಕಂತು ಕಟ್ಟಿದ ಬಳಿಕ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟಿದ್ದಾರೆಂಬ ಕಾರಣಕ್ಕೆ ಕ್ಲೇಮನ್ನು ತಿರಸ್ಕರಿಸುವಂತಿಲ್ಲ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ವೇಳೆ ಅಂತಿಮ ಬಿಲ್ಲಿಗೆ ಮೂರು ಗಂಟೆಯೊಳಗೆ ಉತ್ತರ ನೀಡಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಕಂತಿನ ಮೇಲಿದ್ದ ಶೇ. 18ರ ಜಿಎಸ್‌ಟಿಯೂ ರದ್ದಾಗಿದೆ.

ಕೊಡದಿರುವುದೇನು?

ಸಾಮಾನ್ಯ ಪಾಲಿಸಿಗಳು ಒಳರೋಗಿಯ ವೆಚ್ಚವನ್ನಷ್ಟೇ ಪ್ರಧಾನವಾಗಿ ಭರಿಸುತ್ತವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು, ವೈದ್ಯರ ಭೇಟಿಯ ಶುಲ್ಕ, ಆಗಾಗ್ಗೆ ಮಾಡಿಸುವ ರಕ್ತಪರೀಕ್ಷೆಗಳು ಬಹುತೇಕ ಹೊರಗುಳಿಯುತ್ತವೆ. ತಿಂಗಳು ತಿಂಗಳೂ ಜೇಬನ್ನು ಬರಿದುಮಾಡುವುದು ಇದೇ ಖರ್ಚು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ. 64.2ರಷ್ಟನ್ನು ಜನರು ತಮ್ಮ ಕೈಯಿಂದಲೇ ಭರಿಸಿದ್ದರು. 2021-22ರಲ್ಲಿ ಇದು ಶೇ. 39.4ಕ್ಕೆ ಇಳಿದರೂ ಹೊರೆ ಸಣ್ಣದಲ್ಲ. ಈ ಹೊರೆಯನ್ನು ತಗ್ಗಿಸಲು ವಿಮೆಗಿಂತ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ ಮತ್ತು ಜನೌಷಧಿ ಕೇಂದ್ರಗಳೇ ಹೆಚ್ಚು ನೆರವಾಗುತ್ತವೆ.

ಪಾಲಿಸಿ ಮಾಡಿಸಿದ ಮೊದಲ 30 ದಿನ, ಅಪಘಾತವನ್ನುಳಿದು, ಯಾವ ಚಿಕಿತ್ಸೆಗೂ ಸಾಮಾನ್ಯವಾಗಿ ಹಣ ದೊರೆಯುವುದಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿಚಿಪ್ಪು ಬದಲಾವಣೆ ಮುಂತಾದವುಗಳಿಗೆ ಅನೇಕ ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು. ಕಾಯಿಲೆ ಕಾಣಿಸಿಕೊಂಡ ಮೇಲೆ ವಿಮೆಯತ್ತ ಓಡುವುದರಿಂದ ಪ್ರಯೋಜನವಿಲ್ಲ.

ಕೊಠಡಿ ಬಾಡಿಗೆಯ ಬಲೆ

ಪಾಲಿಸಿದಾರರು ಎಡವುವ ಜಾಗವಿದು. 5 ಲಕ್ಷ ರೂ. ಪಾಲಿಸಿಯಲ್ಲಿ ದಿನದ ಕೊಠಡಿ ಬಾಡಿಗೆಯ ಮಿತಿ ಶೇ. 1, ಅಂದರೆ 5 ಸಾವಿರ ರೂ. ಎಂದಿಟ್ಟುಕೊಳ್ಳೋಣ. ರೋಗಿಯು 10 ಸಾವಿರ ರೂ. ಬಾಡಿಗೆಯ ಕೊಠಡಿಯಲ್ಲಿ ನಾಲ್ಕು ದಿನ ಇದ್ದರೆ ಬಾಡಿಗೆಯಲ್ಲಿ 20 ಸಾವಿರ ರೂ. ಕೈಯಿಂದ ಹೋಗುತ್ತದೆ. ವಿಷಯ ಅಲ್ಲಿಗೇ ಮುಗಿಯುವುದಿಲ್ಲ. ಇಂತಹ ಪಾಲಿಸಿಗಳಲ್ಲಿ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ, ಶುಶ್ರೂಷೆಯ ವೆಚ್ಚಗಳನ್ನೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಸಬಹುದು. ಇವೆಲ್ಲ ಸೇರಿ 1,20,000 ರೂ. ಆಗಿದ್ದರೆ ವಿಮಾ ಸಂಸ್ಥೆ ಕೊಡುವುದು 60 ಸಾವಿರ. ಒಟ್ಟಿನಲ್ಲಿ 80 ಸಾವಿರ ರೂ. ರೋಗಿಯ ತಲೆಯ ಮೇಲೆ ಬರುತ್ತದೆ. ಬಾಡಿಗೆ ಮಿತಿಯಿಲ್ಲದ ಪಾಲಿಸಿಯ ಕಂತು ಸ್ವಲ್ಪ ಹೆಚ್ಚಾದರೂ ಅದನ್ನೇ ಆರಿಸುವುದು ಜಾಣತನ.

ಯಾರಿಗೆ ಅಗತ್ಯ?

* ಬಿಪಿಎಲ್ ಕುಟುಂಬ: ಮೊದಲು ಆಯುಷ್ಮಾನ್ ಕಾರ್ಡ್ ಮಾಡಿಸಬೇಕು. ಮನೆಯ ಖರ್ಚಿಗೆ ಕತ್ತರಿ ಹಾಕಿ ಖಾಸಗಿ ವಿಮೆಯ ಕಂತು ಕಟ್ಟುವ ಅಗತ್ಯ ಕಡಿಮೆ.
* ಇಎಸ್ಐ ವ್ಯಾಪ್ತಿಯ ಕಾರ್ಮಿಕರು: ಇಲ್ಲಿ ಕುಟುಂಬಕ್ಕೆ ಹೊರರೋಗಿ ಚಿಕಿತ್ಸೆ, ಔಷಧಗಳೂ ಸೇರಿವೆ. ಸಂಬಳ ಮಿತಿಯನ್ನು ದಾಟಿ ಇಎಸ್ಐನಿಂದ ಹೊರಬರುವ ಮುನ್ನವೇ ಖಾಸಗಿ ಪಾಲಿಸಿಯ ಯೋಚನೆ ಮಾಡಬೇಕು.
* ಎಪಿಎಲ್ ಸಂಬಳದಾರರು, ಸಣ್ಣ ವ್ಯಾಪಾರಿಗಳು: ಸರ್ಕಾರದ ನೆರವು ಶೇ. 30ಕ್ಕೆ ನಿಲ್ಲುವುದರಿಂದ ಇವರಿಗೆ ಖಾಸಗಿ ವಿಮೆ ನಿಜಕ್ಕೂ ಅಗತ್ಯ. ವಯಸ್ಸು ಮೂವತ್ತರ ಆಸುಪಾಸಿನಲ್ಲಿದ್ದಾಗಲೇ ಮಾಡಿಸಿದರೆ ಕಂತು ಕಡಿಮೆ. ಕಾಯುವ ಅವಧಿಯೂ ಆರೋಗ್ಯವಾಗಿರುವಾಗಲೇ ಕಳೆದುಹೋಗುತ್ತದೆ.
* ಕಂಪನಿಯ ಗುಂಪು ವಿಮೆ ಉಳ್ಳವರು: ನೌಕರಿ ಹೋದ ದಿನ ಆ ರಕ್ಷಣೆಯೂ ಹೋಗುತ್ತದೆ. ಚಿಕ್ಕ ಮೊತ್ತದ್ದಾದರೂ ಸ್ವಂತ ಪಾಲಿಸಿ ಇರಲಿ.
* ಹಿರಿಯ ನಾಗರಿಕರು: ಇವರ ಕಂತು ದುಬಾರಿ, ಬಿಲ್ಲಿನ ಒಂದು ಪಾಲನ್ನು ರೋಗಿಯೇ ಕೊಡಬೇಕೆಂಬ ಷರತ್ತೂ ಹಲವೆಡೆ ಇರುತ್ತದೆ. ಪಾಲಿಸಿ ದೊರೆಯದಿದ್ದರೆ ಪ್ರತ್ಯೇಕ ಠೇವಣಿಯೊಂದನ್ನು ಚಿಕಿತ್ಸೆಗೆಂದೇ ಮೀಸಲಿಡುವುದು ಲೇಸು.

ಅರ್ಜಿಯಲ್ಲಿ ಸತ್ಯ ಬರೆಯಿರಿ

ಏಜೆಂಟರು ಅರ್ಜಿ ತುಂಬಿಕೊಡುವಾಗ ಹಳೆಯ ಕಾಯಿಲೆಯನ್ನು ಬಿಟ್ಟುಬಿಡುವುದುಂಟು. ಸಹಿ ಹಾಕಿದವರೇ ಅದಕ್ಕೆ ಹೊಣೆ. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಓದಿ, ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸಬಹುದು.

ಕ್ಲೇಮು ತಿರಸ್ಕೃತವಾದರೆ ಮೊದಲು ವಿಮಾ ಸಂಸ್ಥೆಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.

ಸರ್ಕಾರಿ ವ್ಯವಸ್ಥೆ ಮತ್ತು ಖಾಸಗಿ ವಿಮೆ ಒಂದಕ್ಕೊಂದು ಪರ್ಯಾಯವಲ್ಲ. ಸರ್ಕಾರದಿಂದ ತಮಗೆ ಸಲ್ಲಬೇಕಾದದ್ದನ್ನು ಮೊದಲು ತಿಳಿದುಕೊಂಡು, ಉಳಿದ ಕೊರತೆಗೆ ಮಾತ್ರ ವಿಮೆಯನ್ನು ಕೊಳ್ಳುವುದು ಸರಿಯಾದ ಕ್ರಮ. ಎಪಿಎಲ್ ಚೀಟಿಯ ಕುಟುಂಬಕ್ಕೆ ಆ ಕೊರತೆ ದೊಡ್ಡದು. ಅದನ್ನು ತುಂಬಿಕೊಳ್ಳುವ ಕಾಲ ಮನೆಮಂದಿಯೆಲ್ಲ ಆರೋಗ್ಯವಾಗಿರುವ ಕಾಲವೇ.