ಲ್ಯಾಪ್‌ಟಾಪ್ ಚಾಲೂ ಆಗವಲ್ದು ಅಂದ್ರ

ಸವದತ್ತಿ, ರಾಮದುರ್ಗದ ಕಡಿ ಮಲಪ್ರಭಾ ದಂಡಿ ಹೊಲದಾಗ ಪಂಪ್ ಚಾಲೂ ಮಾಡೂದನ್ನ ನೀವೆಲ್ಲಾರೂ ನೋಡೀರಿ. ಪೈಪಿನ್ಯಾಗ ಹವಾ ತುಂಬಿತ್ತಂದ್ರ ಮೋಟರ್ ಬರೇ ಗುಂಯ್ ಅಂತ ತಿರಗತೈತಿ, ಹನಿ ನೀರು ಬರೂದಿಲ್ಲ. ಮೊದಲ ನಾವ ನಾಕು ಕೊಡ ನೀರು ಹಾಕಿ ಪೈಪ್ ತುಂಬಬೇಕು, ಆಮ್ಯಾಗ ಅದು ಎಳೀತೈತಿ. ನೀರು ತರಾಕ ನೀರ ಬೇಕು.

ಕಂಪ್ಯೂಟರಿನ ಕತಿನೂ ಇದ ನೋಡ್ರಿ. ಅದು ಕೆಲಸ ಹೆಂಗ ಮಾಡಬೇಕು ಅನ್ನೂದನ್ನ ಡಿಸ್ಕಿನ್ಯಾಗ ಬರದಿಟ್ಟಿರ್ತಾರ. ಆದ್ರ ಡಿಸ್ಕ್ ಓದೂದು ಹೆಂಗ ಅನ್ನೂದನ್ನ ಅದಕ್ಕ ಮೊದಲ ಯಾರರ ಹೇಳಬೇಕಲ್ಲಾ? ಇಂಗ್ಲಿಷ್‌ನ್ಯಾಗ ತನ್ನ ಬೂಟಿನ ಪಟ್ಟಿ ತಾನ ಹಿಡದು ತನ್ನನ್ನ ತಾನ ಮ್ಯಾಲ ಎತ್ತಿಕೊಳ್ಳೂದು ಅಂತ ಒಂದು ನಗಿಚಾಟಿಗಿ ಮಾತೈತಿ. ಅದರಿಂದ ಇದಕ್ಕ 'ಬೂಟ್' ಆಗೂದು ಅಂತ ಹೆಸರು ಬಿತ್ತು. ನಮ್ಮ ಹುಡುಗೂರು ದಿನಾ 'ಬೂಟ್ ಆಗವಲ್ದು' ಅಂತಿರ್ತಾವು, ಆದ್ರ ಕಾಲಾಗಿನ ಬೂಟಿಗೂ ಇದಕ್ಕೂ ಏನ ಸಂಬಂಧ ಅಂತ ಒಂದೂ ಕೇಳಿದ್ದಿಲ್ಲ.

ಮೊದಲಿನ ಮಶೀನುಗಳಿಗೆ ಈ ಮೊದಲ ಮಾತನ್ನ ಮನಶ್ಯಾರ ಕೈಲೆ ಕಲಿಸಬೇಕಿತ್ತು. 1975ರಾಗ ಅಮೆರಿಕದಾಗ ಆಲ್ಟೇರ್ 8800 ಅಂತ ಒಂದು ಸಣ್ಣ ಕಂಪ್ಯೂಟರ್ ಬಂತು. ಅದಕ್ಕ ಪರದೆ ಇಲ್ಲ, ಕೀಬೋರ್ಡ್ ಇಲ್ಲ. ಮುಂದ ಸಾಲಾಗಿ ಸ್ವಿಚ್ಚು, ದೀಪ ಅಷ್ಟ. ಆ ಸ್ವಿಚ್ಚುಗಳನ್ನ ಮ್ಯಾಲ ಕೆಳಗ ಮಾಡಿ ಒಂದೊಂದ ಆಜ್ಞಾ ತುಂಬಬೇಕು. ಕರೆಂಟ್ ಹೋತಂದ್ರ ತುಂಬಿದ್ದೆಲ್ಲಾ ಹೋತು, ಮತ್ತ ಮೊದಲಿಂದ. ನಮ್ಮ ಕಡಿ ಕರೆಂಟಿಗೆ ಆ ಮಶೀನ್ ಬಂದಿದ್ರ ದಿನಾ ಮುಂಜಾನಿ ಪಾಠ ಹೇಳೂದ ಆಗತಿತ್ತು.

1981ರ ಆಗಸ್ಟ್ 12ಕ್ಕ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ಹೊರಗ ತಂತು. ಅದರಾಗ ಈ ಮೊದಲ ಪಾಠ ಒಂದು ಚಿಪ್ಪಿನ್ಯಾಗ ಕಾಯಂ ಬರದಿಟ್ಟಿದ್ರು. ಅದಕ್ಕ ಬಯೋಸ್ ಅಂತಾರ. ಗುಂಡಿ ಒತ್ತಿದ ಕೂಡ್ಲೆ ಬಯೋಸ್ ಎದ್ದು ಮೊದಲ ತನ್ನ ಮೈ ತಾನ ತಡವಿ ನೋಡಿಕೊಳ್ತೈತಿ: ಮೆಮೊರಿ ಐತೇನು, ಕೀಬೋರ್ಡ್ ಐತೇನು, ಡಿಸ್ಕ್ ಐತೇನು. ಎಲ್ಲಾ ಸರಿ ಇತ್ತಂದ್ರ ಆ ಐಬಿಎಂ ಮಶೀನ್ ಒಂದ ಸಲ 'ಬೀಪ್' ಅಂತಿತ್ತು, ಆಮ್ಯಾಗ ಡಿಸ್ಕಿಗೆ ಹೋಗತಿತ್ತು. ನಲವತ್ತು ವರ್ಷ ದಾಟಿದ್ರೂ ನಮ್ಮ ಮನಿ ಲ್ಯಾಪ್‌ಟಾಪ್ ಏಳೂದು ಹೆಚ್ಚೂಕಮ್ಮಿ ಇದ ಕ್ರಮದಾಗ. ಹಂಗಾಗಿ ಅದು ಎಲ್ಲೆ ನಿಂತೈತಿ ಅನ್ನೂದನ್ನ ನೋಡಿದ್ರ ಏನ ಕೆಟ್ಟೈತಿ ಅನ್ನೂದು ಅರ್ಧ ಗೊತ್ತಾಗತೈತಿ.

ಇದನ್ನ ಯಾಕ ಬರೀಲಿಕತ್ತೀನಿ ಅಂದ್ರ, ನಮ್ಮ ಬೈಲಹೊಂಗಲ ಓಣಿಯ ಸ್ತ್ರೀಶಕ್ತಿ ಸಂಘದ ಲ್ಯಾಪ್‌ಟಾಪ್ ದೀಪಾವಳಿ ಮುಂದ ಕಣ್ಣು ಮುಚ್ಚಿಬಿಡ್ತು. ಎಂಟು ವರ್ಷದ ಲೆಕ್ಕ ಅದರಾಗ. ಯಾರದು ಎಷ್ಟು ಉಳತಾಯ, ಯಾರು ಎಷ್ಟು ಸಾಲ ತಗೊಂಡ್ರು, ಎಷ್ಟು ಕಂತು ಬಾಕಿ, ಎಲ್ಲಾ. ಪುಸ್ತಕನೂ ಇದ್ದು ಖರೆ, ಆದ್ರ ಕಡೀ ಮೂರು ವರ್ಷ 'ಕಂಪ್ಯೂಟರ್‌ನ್ಯಾಗ ಐತೆಲ್ಲಾ' ಅಂತ ಪುಸ್ತಕದಾಗ ಬರೀಲೇ ಇಲ್ಲ. ಅಂಗಡಿಗೆ ಒಯ್ದ್ರ 'ಮದರ್‌ಬೋರ್ಡ್ ಹೋಗೇತ್ರಿ ಬಾಯಾರ, ಗುಜರಿಗೆ ಹಾಕ್ರಿ, ಹೊಸಾದು ತಗೋರಿ' ಅಂದ್ರು. ಮದರ್‌ಬೋರ್ಡ್ ಹೋಗೇತಿ ಅನ್ನೂದು ಹೊಟ್ಟಿನೋವಿಗೆಲ್ಲಾ 'ಗ್ಯಾಸ್' ಅಂದಂಗ, ಎಲ್ಲಾದಕ್ಕೂ ಒಂದ ಉತ್ತರ. ಸಾಲ ತೀರಿಸಿದಾಕಿ ತೀರಿಸೀನಿ ಅಂತಾಳ, ತೀರಿಸದಾಕಿನೂ ತೀರಿಸೀನಿ ಅಂತಾಳ, ಸಂಘದ ಗತಿ ಏನು? ಹತ್ತು ವರ್ಷ ಒಬ್ಬರ ಮನಿ ಚಾ ಒಬ್ಬರು ಕುಡದವ್ರು ಮುಖ ತಿರುವಿಕೊಂಡು ಹೋಗೂ ಹೊತ್ತು ಬಂದಿತ್ತು.

ಕಿತ್ತೂರಿನ್ಯಾಗ ನಮ್ಮ ತಂಗಿ ಮಗ ಡಿಪ್ಲೊಮಾ ಓದ್ತಾನ. ಅವನ್ನ ಕರಸಿದ್ವಿ. ಅಂವ ಸ್ಕ್ರೂಡ್ರೈವರ್ ಹಿಡದಾ, ನಾವು ಬ್ಯಾಟರಿ ಹಿಡದ್ವಿ. ಅಂವ ಹೇಳಿದ್ದು, ಆಮ್ಯಾಗ ನಾ ಓದಿ ತಿಳಕೊಂಡಿದ್ದು, ಎರಡೂ ಕೂಡಿಸಿ ಹೇಳ್ತೀನಿ.

ಮೊದಲ ನೋಡಬೇಕಾದ್ದು ಕರೆಂಟ್. 1981ರಾಗ ಆಸ್ಬೋರ್ನ್ 1 ಅಂತ ಕೈಯಾಗ ಒಯ್ಯೂ ಕಂಪ್ಯೂಟರ್ ಬಂತು. ತೂಕ ಸುಮಾರು 11 ಕಿಲೊ. ಅದರೊಳಗ ಬ್ಯಾಟರಿನ ಇರ್ಲಿಲ್ಲ, ಹೋದಲ್ಲೆ ಗ್ವಾಡಿಗೆ ಹಚ್ಚಬೇಕು. ಈಗಿನ ಲ್ಯಾಪ್‌ಟಾಪಿನ ಲೀಥಿಯಮ್ ಅಯಾನ್ ಬ್ಯಾಟರಿ ಪ್ಯಾಟಿಗೆ ಬಂದದ್ದು 1991ರಾಗ, ಸೋನಿ ಕಂಪನಿಯಿಂದ. ಅದನ್ನ ಕಂಡುಹಿಡದ ಮೂವರಿಗೆ 2019ರಾಗ ನೊಬೆಲ್ ಕೊಟ್ರು. ನೊಬೆಲ್ ಬಂದ ಬ್ಯಾಟರಿ ಆದ್ರೂ ಮೂರು ನಾಕು ವರ್ಷಕ್ಕ ಮುದಕಿ ಆಗತೈತಿ. ತಗಿಯಾಕ ಬರೂವಂಥಾದಿದ್ರ ಬ್ಯಾಟರಿ ತಗದಿಟ್ಟು ಬರೇ ಚಾರ್ಜರ್ ಮ್ಯಾಲ ಚಾಲೂ ಮಾಡಿ ನೋಡ್ರಿ. ಆವಾಗ ಎದ್ದತಂದ್ರ ಕೆಟ್ಟದ್ದು ಬ್ಯಾಟರಿ, ಮಶೀನಲ್ಲ. ಬ್ಯಾಟರಿ ಪೂರಿ ಉಬ್ಬಿದಂಗ ಉಬ್ಬಿತ್ತಂದ್ರ ಒತ್ತಬ್ಯಾಡ್ರಿ, ಚುಚ್ಚಬ್ಯಾಡ್ರಿ, ಬೆಂಕಿ ಹತ್ತತೈತಿ.

ಇನ್ನೊಂದು ಐತಿ, ನೋಡಾಕ ಮಂತ್ರ ಹಾಕಿದಂಗ ಕಾಣತೈತಿ. ಚಾರ್ಜರ್, ಬ್ಯಾಟರಿ ಎರಡೂ ತಗದು ಚಾಲೂ ಮಾಡೂ ಗುಂಡಿನ ಅರ್ಧ ನಿಮಿಷ ಒತ್ತಿ ಹಿಡೀಬೇಕು. ಮಂತ್ರ ಅಲ್ಲದು. 1746ರ ಸುಮಾರಿಗೆ ಹಾಲೆಂಡಿನ ಲೈಡನ್ ಊರಾಗ ಒಬ್ಬ ಪ್ರೊಫೆಸರ್ ಗಾಜಿನ ಜಾಡಿಯೊಳಗ ವಿದ್ಯುತ್ ಕೂಡಿಸಿ ಇಡಾಕ ಬರತೈತಿ ಅಂತ ತೋರಿಸಿದ್ರು. ನಾವು ಉಪ್ಪಿನಕಾಯಿ ಹಾಕೂ ಭರಣಿಯಂಥಾದ್ದ. ಅದರ ವಂಶದ್ದು ಈಗಿನ ಕೆಪಾಸಿಟರ್. ಬೋರ್ಡಿನ ಮ್ಯಾಲ ಅಂಥಾವು ಭಾಳ ಇರ್ತಾವ. ಕರೆಂಟ್ ತಗದ ಮ್ಯಾಲೂ ಅವುಗಳೊಳಗ ಚೂರು ಉಳದು ಮಶೀನಿಗೆ ಗೊಂದಲ ಆಗಿರ್ತೈತಿ. ಗುಂಡಿ ಒತ್ತಿ ಹಿಡದ್ರ ಅದು ಖಾಲಿ ಆಗತೈತಿ. ನಮ್ಮ ಸಂಘದ ಮಶೀನ್ ಇದಕ್ಕೇನೂ ಬಗ್ಗಲಿಲ್ಲ ಬಿಡ್ರಿ, ಆದ್ರ ರೊಕ್ಕಿಲ್ಲದ ಉಪಾಯ, ಮೊದಲ ಮಾಡೂವಂಥಾದ್ದು.

ನಮ್ಮದರಾಗ ದೀಪ ಹತ್ತತಿತ್ತು, ಫ್ಯಾನ್ ತಿರಗತಿತ್ತು, ಪರದೆ ಮಾತ್ರ ಕರೇದು. ಹಿಂಗಾದಾಗ ಪರದೆ ಮ್ಯಾಲ ಬ್ಯಾಟರಿ ಬೆಳಕು ಓರೆ ಹಿಡದು ನೋಡಬೇಕು. ಮಸಕಾಗಿ ಚಿತ್ರ ಕಂಡ್ರ ಮಶೀನ್ ಎದ್ದೈತಿ, ಪರದೆ ಹಿಂದಿನ ದೀಪ ಅಷ್ಟ ಆರೇತಿ ಅಂತ. ನಮಗ ಏನೂ ಕಾಣಲಿಲ್ಲ. ಆದ್ರ ಬೀಪ್ ಬೀಪ್ ಅಂತ ಮತ್ತ ಮತ್ತ ಕೂಗತಿತ್ತು. ಅಂಗಡಿಯವ್ರು ಅದನ್ನ ಕೇಳಿದ್ರೋ ಇಲ್ಲೋ. ಯಾವ ಕೂಗಿಗೆ ಏನ ಅರ್ಥ ಅನ್ನೂದು ಒಂದೊಂದ ಕಂಪನಿದು ಒಂದೊಂದ ಥರ, ಆದ್ರ ಕೂಗಾಕತ್ತೈತಿ ಅಂದ್ರ ಬಯೋಸ್ ಎಚ್ಚರ ಐತಿ, ಮದರ್‌ಬೋರ್ಡ್ ಪೂರ್ತಿ ಸತ್ತಿಲ್ಲ ಅಂತ ಆತಲ್ಲಾ! ಹುಡುಗ 'ರ‍್ಯಾಮ್ ಇರಬೇಕ್ರಿ ದೊಡ್ಡವ್ವಾ' ಅಂದಾ.

ರ‍್ಯಾಮ್ ಅಂದ್ರ ಕೆಲಸ ಮಾಡೂವಾಗ ಅಷ್ಟ ನೆನಪಿಡೂ ಜಾಗ. ಈಗಿನ ಥರದ್ದನ್ನ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಅನ್ನಾವ್ರು ಯೋಚಿಸಿದ್ರು, 1968ರಾಗ ಪೇಟೆಂಟ್ ಸಿಕ್ತು. ಅದು ಸೋರೂ ಚಂಬು ಇದ್ದಂಗ. ನೆನಪು ತಾನಾಗೇ ಸೋರಿ ಹೋಗತೈತಿ, ಹಂಗಾಗಿ ಸೆಕೆಂಡಿಗೆ ಎಷ್ಟೋ ಸಲ ಮತ್ತ ತುಂಬಕೋತ ಇರಬೇಕು. ಕರೆಂಟ್ ನಿಂತ್ರ ಖಾಲಿ. ಅದರ ತುದಿಗೆ ತೆಳ್ಳಗ ಬಂಗಾರ ಲೇಪ ಇರ್ತೈತಿ, ಬಂಗಾರ ಕಿಲುಬ ಹಿಡಿಯೂದಿಲ್ಲ ಅಂತ. ಆದ್ರ ಧೂಳು, ಜಿಡ್ಡು ಕೂಡ್ತಾವು. ಹುಡುಗ ರ‍್ಯಾಮ್ ಪಟ್ಟಿ ತಗದು ಬಂಗಾರದ ಅಂಚನ್ನ ಸಾಲಿ ಹುಡುಗೂರ ಬಿಳೀ ರಬ್ಬರಿನಿಂದ ಹಗೂರಕ ತಿಕ್ಕಿ, ಪುಡಿ ಝಾಡಿಸಿ, ಟಕ್ ಅನ್ನೂವಂಗ ಕೂಡಿಸಿದಾ.

ಮುಚ್ಚಳಾ ತಗದಾಗ ಇನ್ನೊಂದು ಕಂಡಿತು. ಫ್ಯಾನಿನ ಬಾಯಾಗ ಗಾದಿ ತುಂಬಿದಂಗ ಅಳ್ಳಿ! ಬೈಲಹೊಂಗಲ ಅಂದ್ರ ಹತ್ತಿ ಪ್ಯಾಟಿ, ಜಿನ್ನಿಂಗ ಮಿಲ್ಲಿನ ಊರು. ಸುಗ್ಗಿ ಒಳಗ ಹವಾದಾಗ ಅಳ್ಳಿ ಹಾರಾಡತಿರ್ತೈತಿ. ರಾಮದುರ್ಗದ ಮಗ್ಗದ ಮನಿಯಾಗೂ ಇದ ಕತಿ. ಗಾಳಿ ಆಡದ ಮಶೀನ್ ಕಾದು, ಸುಟ್ಟುಕೊಳ್ಳಬಾರದು ಅಂತ ತಾನ ಬಂದ್ ಆಗತೈತಿ. ಹತ್ತು ನಿಮಿಷ ನಡದು ತಟ್ಟನ ಆರೂ ಲ್ಯಾಪ್‌ಟಾಪಿನ ಕಾರಣ ಭಾಳ ಸಲ ಇದ. ಮೆತ್ತನ್ನ ಬ್ರಶ್ ತಗೊಂಡು ತಗದ್ವಿ.

ಗುಂಡಿ ಒತ್ತಿದ್ವಿ. ಪರದೆ ಬೆಳಕಾತು! ಆದ್ರ ತಾರೀಖು 2009ರ ಜನವರಿ 1 ಅಂತ ತೋರಿಸ್ತು, ಮುಂದ 'ಚಾಲೂ ಮಾಡೂವಂಥಾ ಡಿಸ್ಕ್ ಇಲ್ಲ' ಅನ್ನೂ ಅರ್ಥದ ಇಂಗ್ಲಿಷ್ ಸಾಲು.

ಇಲ್ಲೆ ಮತ್ತೊಂದು ಹಳೇ ಕತಿ ಐತಿ. 1981ರ ಐಬಿಎಂಗೆ ಕರೆಂಟ್ ಹೋದ್ರೂ ನಡಿಯೂ ಗಡಿಯಾರ ಇರ್ಲಿಲ್ಲ. ದಿನಾ ಚಾಲೂ ಮಾಡಿದಾಗ ಇವತ್ತು ಯಾವ ತಾರೀಖು ಅಂತ ಅದ ನಮ್ಮನ್ನ ಕೇಳತಿತ್ತು. ಹೇಳದಿದ್ರ 1980ರ ಜನವರಿ 1 ಅಂತ ತಿಳಕೋತಿತ್ತು. 1984ರಾಗ ಬಂದ ಐಬಿಎಂ ಎಟಿ ಒಳಗ ಬ್ಯಾಟರಿ ಮ್ಯಾಲ ನಡಿಯೂ ಗಡಿಯಾರ ಇಟ್ರು. ಯಾವ ಡಿಸ್ಕ್ ಐತಿ ಅನ್ನೂವಂಥಾ ವಿಷಯನೂ ಅಲ್ಲೇ ನೆನಪಿಟ್ಟುಕೊಳ್ಳೂವಂಗ ಮಾಡಿದ್ರು. ಈಗ ಆ ಕೆಲಸಾ ಒಂದು ಗುಂಡೀ ಸೆಲ್ ಮಾಡತೈತಿ, ಸಿಆರ್ 2032 ಅಂತ. 20 ಅಂದ್ರ ಅಗಲ 20 ಮಿಲಿಮೀಟರ್, 32 ಅಂದ್ರ ದಪ್ಪ 3.2 ಮಿಲಿಮೀಟರ್. ಆ ಸೆಲ್ ಮುಗೀತಂದ್ರ ಮಶೀನ್ ತಾರೀಖೂ ಮರೀತೈತಿ, ಕೆಲವೊಮ್ಮೆ ಮೊದಲ ಯಾವ ಡಿಸ್ಕ್ ನೋಡಬೇಕು ಅನ್ನೂದನ್ನೂ ಮರೀತೈತಿ. ಸೆಲ್ ಸ್ವಸ್ತಾ. ಹಳೇದನ್ನ ಮಾತ್ರ ಕೂಸುಗಳ ಕೈಗೆ ಸಿಗೂವಂಗ ಒಗೀಬ್ಯಾಡ್ರಿ, ನುಂಗಿದ್ರ ಅನ್ನನಾಳ ಸುಡತೈತಿ. ಸೆಲ್ ಹಾಕಿ, ಬಯೋಸಿನ ಒಳಗ ಹೋಗಿ, ತಾರೀಖು ಸರಿ ಮಾಡಿ, ಮೊದಲ ಡಿಸ್ಕ್ ನೋಡು ಅಂತ ಹೇಳಿದ ಮ್ಯಾಲ ವಿಂಡೋಸ್ ಎದ್ದು ಕುಂತಿತು. ಕೂತವ್ರೆಲ್ಲಾ ಚಪ್ಪಾಳಿ ಹೊಡದ್ರು. ಸಾಲ ತೀರಿಸದಾಕಿನೂ ಹೊಡದ್ಲು.

ಏಳದಿದ್ರೂ ಲೆಕ್ಕ ಹೋಗತಿರ್ಲಿಲ್ಲ ಅನ್ನೂದು ನಮಗ ಆವತ್ತ ತಿಳೀತು. ಲೆಕ್ಕ ಇರೂದು ಮದರ್‌ಬೋರ್ಡಿನ್ಯಾಗಲ್ಲ, ಹಾರ್ಡ್‌ಡಿಸ್ಕಿನ್ಯಾಗ. ಮೊದಲನೇ ಹಾರ್ಡ್‌ಡಿಸ್ಕ್ ಐಬಿಎಂನವ್ರದ್ದು, 1956ರಾಗ ಬಂತು. ಎರಡು ಅಡಿ ಅಗಲದ 50 ತಟ್ಟಿ, ಸುಮಾರು ಒಂದು ಟನ್ ತೂಕ, ಅದರಾಗ ಹಿಡಿಯೂದು 50 ಲಕ್ಷ ಅಕ್ಷರ ಅಷ್ಟ. ಈಗಿಂದು ಅಂಗೈಯಾಗ ಕೂಡತೈತಿ. ಹಳೇ ಲ್ಯಾಪ್‌ಟಾಪಿನ ಡಿಸ್ಕನ್ನ ಎರಡು ಮೂರು ಸ್ಕ್ರೂ ಬಿಚ್ಚಿ ಹೊರಗ ತಗದು, ಒಂದು ಸಣ್ಣ ಡಬ್ಬಿಗೆ ಹಾಕಿ, ಯುಎಸ್‌ಬಿ ವಾಯರಿನಿಂದ ಬ್ಯಾರೆ ಕಂಪ್ಯೂಟರಿಗೆ ಹಚ್ಚಿದ್ರ ಪೆನ್‌ಡ್ರೈವ್ ಕಂಡಂಗ ಕಾಣತೈತಿ. ಟಕ್ ಟಕ್ ಅಂತ ಸಪ್ಪಳಾ ಮಾಡಾಕತ್ತಿದ್ರ ಮಾತ್ರ ಮತ್ತ ಮತ್ತ ಚಾಲೂ ಮಾಡಬ್ಯಾಡ್ರಿ, ತಿಳದವ್ರ ಕೈಗೆ ಕೊಡ್ರಿ. ಗುಜರಿಗೆ ಹಾಕೂವಾಗೂ ಡಿಸ್ಕ್ ಇಟ್ಟುಕೊಂಡ ಹಾಕ್ರಿ.

ಫೈಲ್‌ಗಳನ್ನ ಹೊಸಾ ಲ್ಯಾಪ್‌ಟಾಪಿಗೆ ಹಾಕಿ ತಗದ್ರ ಅಂಕಿ ಅಷ್ಟ ಬಂದ್ವು, ಹೆಸರೆಲ್ಲಾ ಇಂಗ್ಲಿಷಿನ ಕಲಸುಮೇಲೋಗರ! ಎಲ್ಲಾರ ಎದಿ ಧಸಕ್ ಅಂತು. ಇದೂ ಇತಿಹಾಸದ್ದ ಕಾಟ. 1998ರಾಗ ಶೇಷಾದ್ರಿವಾಸು ಅವ್ರ 'ಬರಹ' ಬಂತು, ಆಮ್ಯಾಗ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ನುಡಿಯ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವ್ರ ವಿನ್ಯಾಸ. ಆವಾಗ ಸಾದಾ ಕಂಪ್ಯೂಟರಿನೊಳಗ ಕನ್ನಡಕ್ಕ ತನ್ನದಂತ ಜಾಗ ಇರ್ಲಿಲ್ಲ. ಇಂಗ್ಲಿಷ್, ಯುರೋಪಿನ ಅಕ್ಷರದ ಮನಿಯಾಗ ನಮ್ಮ ಒತ್ತು, ದೀರ್ಘ ಎಲ್ಲಾ ಬಾಡಿಗಿಗೆ ಇದ್ದು. ಯೂನಿಕೋಡ್ ಬಂದ ಮ್ಯಾಲ ಕನ್ನಡಕ್ಕ ಸ್ವಂತ ಮನಿ ಆತು. ಹಳೇ ಫಾಂಟ್ ಇಲ್ಲದ ಮಶೀನಿಗೆ ಬಾಡಿಗಿಯವ್ರ ಗುರುತು ಹತ್ತೂದಿಲ್ಲ. ನುಡಿ ಫಾಂಟ್ ಹಾಕಿದ್ವಿ, ಎಲ್ಲಾರ ಹೆಸರೂ ಬಂದ್ವು. ಹುಡುಗ ಪರಿವರ್ತಕದಿಂದ ಯೂನಿಕೋಡಿಗೂ ಬದಲಿಸಿ ಕೊಟ್ಟಾ.

ಈಗ ಲೆಕ್ಕದ ಒಂದು ಪ್ರತಿ ಹೊಸಾ ಲ್ಯಾಪ್‌ಟಾಪಿನ್ಯಾಗ, ಒಂದು ಪೆನ್‌ಡ್ರೈವಿನ್ಯಾಗ ಅಧ್ಯಕ್ಷರ ಟ್ರಂಕಿನೊಳಗ. ಉಳದ ಮೂರು ವರ್ಷದ್ದನ್ನ ನೋಡಿ ಪುಸ್ತಕದಾಗ ಇಳಸಾಕತ್ತೀವಿ. ಶುಕ್ರವಾರ ಮಧ್ಯಾಹ್ನ ಬಿಡುವಿದ್ದವ್ರು ಬರ್ರಿ, ಒಬ್ಬರು ಓದಿ ಹೇಳಿದ್ರ ಒಬ್ಬರು ಬರ‍್ಯಾಕ ಬೇಕು.