ಮಂಚೂರಿಯಾ ಕಾಣದ ಗೋಬಿ ಮಂಚೂರಿ

ಚೀನಾದ ಮಂಚೂರಿಯಾಕ್ಕೂ ನಾವು ಪಾರ್ಸೆಲ್ ತರಿಸುವ ಗೋಬಿ ಮಂಚೂರಿಗೂ ಹೆಸರಿನ ನಂಟು ಮಾತ್ರ. ಅದರ ತವರು ನಮ್ಮ ಮುಂಬಯಿ.

18ನೆಯ ಶತಮಾನದ ಕೊನೆಯಿಂದಲೇ ಚೀನೀಯರು ಕೋಲ್ಕತ್ತಾಕ್ಕೆ ಬಂದು ನೆಲೆಸತೊಡಗಿದ್ದರು. ಟಾಂಗ್ರಾದಲ್ಲಿ ಚರ್ಮ ಹದ ಮಾಡುತ್ತಿದ್ದ ಹಕ್ಕಾ ಜನ ತಮ್ಮ ಅಡುಗೆಗೆ ಇಲ್ಲಿನ ಖಾರ, ಮಸಾಲೆ ಬೆರೆಸಿಕೊಂಡರು. ಅದೇ ಕೋಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಹೊಟ್ಟೆಪಾಡಿಗೆ ಮುಂಬಯಿ ಸೇರಿದರು. 1975ರಲ್ಲಿ, ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಗಿರಾಕಿಯೊಬ್ಬರು ಹೊಸದೇನಾದರೂ ಬೇಕೆಂದಾಗ, ಅವರು ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹುರಿದು, ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು, ಕಾರ್ನ್‌ಫ್ಲೋರ್ ಹಾಕಿ ಗಟ್ಟಿ ಮಾಡಿದರಂತೆ. ಅದೇ ಚಿಕನ್ ಮಂಚೂರಿಯನ್. ಕೋಳಿಯ ಜಾಗಕ್ಕೆ ಹೂಕೋಸು ಬಂದ ಮೇಲೆ ಕರ್ನಾಟಕದ ತಳ್ಳುಗಾಡಿಗಳೆಲ್ಲ ಅದರ ಪಾಲಾದವು.

ಆ ಮೊದಲ ಬಾಣಲೆಯ ಕಥೆಯಲ್ಲಿ ಕಡುಗೆಂಪು ಬಣ್ಣದ ಮಾತೇ ಇಲ್ಲ. ಆಮೇಲೆ ಅಂಟಿಕೊಂಡ ಆ ಕೃತಕ ಬಣ್ಣವನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಯಿತು.

ಮನೆಯಲ್ಲಿ ಆ ಭಯವಿಲ್ಲ. ಹೂಕೋಸನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಎರಡು ನಿಮಿಷ ಬಿಟ್ಟು, ನೀರು ಬಸಿದು ಒರೆಸಿ, ಮೈದಾ, ಕಾರ್ನ್‌ಫ್ಲೋರ್ ಕಲಸಿದ ಹಿಟ್ಟಿನಲ್ಲಿ ಅದ್ದಿ ಬೋಂಡಾದಂತೆ ಕರಿಯಿರಿ. ವಾಂಗರ ಕ್ರಮದಲ್ಲೇ ಹುರಿದ ಸಾಸಿನಲ್ಲಿ ಹೊರಳಿಸಿ. ಬಣ್ಣಕ್ಕೆ ಒಂದು ಚಮಚ ಬ್ಯಾಡಗಿ ಮೆಣಸಿನಪುಡಿ ಸಾಕು.

ವಲಸೆ ಬಂದವರು ಕೈಗೆ ಸಿಕ್ಕಿದ್ದರಲ್ಲೇ ಕಟ್ಟಿದ ಅಡುಗೆಯಿದು. ಬಾಡಿಗೆ ಮನೆಯ ಒಂಟಿ ಒಲೆಗೂ ಒಗ್ಗುತ್ತದೆ.