ಐರ್ಲೆಂಡಿನ ವಾಯುಗುಣ

ಐರ್ಲೆಂಡ್ ಯುರೋಪಿನ ವಾಯವ್ಯ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರದಲ್ಲಿರುವ ಒಂದು ದ್ವೀಪ. ಸುಮಾರು 51.5° ಮತ್ತು 55.5° ಉತ್ತರ ಅಕ್ಷಾಂಶಗಳ ನಡುವೆ ಇರುವ ಈ ದ್ವೀಪದ ವಾಯುಗುಣವು ಸಮಶೀತೋಷ್ಣ ಸಾಗರಿಕ ಬಗೆಯದಾಗಿದೆ. ಕೊಪ್ಪೆನ್ ವರ್ಗೀಕರಣದಲ್ಲಿ ಇದನ್ನು 'ಸಿಎಫ್‌ಬಿ' ಎಂದು ಗುರುತಿಸಲಾಗಿದೆ. ಕಡುಚಳಿ ಮತ್ತು ಕಡುಬೇಸಿಗೆ ಅಪರೂಪವಾಗಿರುವುದು, ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಮಳೆ ಬೀಳುವುದು, ಒಂದೇ ದಿನದಲ್ಲಿ ಹವಾಮಾನವು ಹಲವು ಬಾರಿ ಬದಲಾಗುವುದು ಇದರ ಮುಖ್ಯ ಲಕ್ಷಣಗಳು.

ಕಾರಣಗಳು

ಐರ್ಲೆಂಡಿನ ಅಕ್ಷಾಂಶದಲ್ಲಿಯೇ ಇರುವ ಕೆನಡಾದ ಲ್ಯಾಬ್ರಡಾರ್ ಪ್ರದೇಶವು ಚಳಿಗಾಲದಲ್ಲಿ ಹೆಪ್ಪುಗಟ್ಟಿರುತ್ತದೆ. ಐರ್ಲೆಂಡಿನಲ್ಲಿ ಹಾಗಾಗದಿರಲು ಸಾಗರವೇ ಕಾರಣ. ನೀರು ನೆಲಕ್ಕಿಂತ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಗಲ್ಫ್ ಪ್ರವಾಹದ ಮುಂದುವರಿಕೆಯಾದ ಉತ್ತರ ಅಟ್ಲಾಂಟಿಕ್ ಪ್ರವಾಹವು ದಕ್ಷಿಣದ ಬೆಚ್ಚನೆಯ ನೀರನ್ನು ಇತ್ತ ತರುತ್ತದೆ. ಅದರ ಮೇಲಿನಿಂದ ಬೀಸಿಬರುವ ಪಶ್ಚಿಮ ಮತ್ತು ನೈಋತ್ಯ ಮಾರುತಗಳು ಆ ಶಾಖವನ್ನೂ ತೇವಾಂಶವನ್ನೂ ದ್ವೀಪಕ್ಕೆ ಹೊತ್ತು ತರುತ್ತವೆ.

ಉಷ್ಣಾಂಶ

ವಾರ್ಷಿಕ ಸರಾಸರಿ ಉಷ್ಣಾಂಶವು ಸುಮಾರು 9 ರಿಂದ 10 ಡಿಗ್ರಿ ಸೆಲ್ಸಿಯಸ್. ಜನವರಿಯ ಸರಾಸರಿ 4 ರಿಂದ 7 ಡಿಗ್ರಿ, ಜುಲೈ ತಿಂಗಳದು 14 ರಿಂದ 16 ಡಿಗ್ರಿ. 1887ರ ಜೂನ್ 26ರಂದು ಕಿಲ್ಕೆನಿಯಲ್ಲಿ ದಾಖಲಾದ 33.3 ಡಿಗ್ರಿ ಅತ್ಯಧಿಕ ಉಷ್ಣಾಂಶವೆಂದೂ, 1881ರ ಜನವರಿ 16ರಂದು ಸ್ಲೈಗೋ ಕೌಂಟಿಯ ಮಾರ್ಕ್ರೀಯಲ್ಲಿ ದಾಖಲಾದ ಮೈನಸ್ 19.1 ಡಿಗ್ರಿ ಅತ್ಯಂತ ಕಡಿಮೆ ಉಷ್ಣಾಂಶವೆಂದೂ ಪರಿಗಣಿತವಾಗಿವೆ.

ಮಳೆ

ಮಾನ್ಸೂನ್ ದೇಶಗಳಂತೆ ಇಲ್ಲಿ ಪ್ರತ್ಯೇಕ ಮಳೆಗಾಲವಿಲ್ಲ. ಸಾಮಾನ್ಯವಾಗಿ ಬೀಳುವುದು ಜಡಿಮಳೆಯಲ್ಲ, ತುಂತುರು ಮಳೆ. ಪಶ್ಚಿಮದ ಬೆಟ್ಟಗಳು ತೇವಭರಿತ ಗಾಳಿಯನ್ನು ತಡೆದು ಮೇಲೇರಿಸುವುದರಿಂದ ಅಲ್ಲಿ ಮಳೆ ಹೆಚ್ಚು; ಕೆಲವು ಬೆಟ್ಟಪ್ರದೇಶಗಳಲ್ಲಿ ವರ್ಷಕ್ಕೆ 2000 ಮಿಲಿಮೀಟರನ್ನೂ ಮೀರುತ್ತದೆ. ಪೂರ್ವ ಕರಾವಳಿಯ ಡಬ್ಲಿನ್‌ನಲ್ಲಿ ಅದು ಸುಮಾರು 750 ಮಿಲಿಮೀಟರ್ ಮಾತ್ರ. ಒಂದು ಮಿಲಿಮೀಟರ್ ಅಥವಾ ಹೆಚ್ಚು ಮಳೆಯಾಗುವ ದಿನಗಳು ಪೂರ್ವದಲ್ಲಿ ವರ್ಷಕ್ಕೆ ಸುಮಾರು 150, ಪಶ್ಚಿಮದ ಕೆಲವೆಡೆ ಸುಮಾರು 225.

ಬಿರುಗಾಳಿಗಳು

ಚಳಿಗಾಲದಲ್ಲಿ ಅಟ್ಲಾಂಟಿಕ್ ವಾಯುಭಾರ ಕುಸಿತಗಳು ಬಿರುಗಾಳಿಗಳನ್ನು ತರುತ್ತವೆ. 1839ರ ಜನವರಿ 6ರ ರಾತ್ರಿ ಬೀಸಿದ ಬಿರುಗಾಳಿಯು ಇಂದಿಗೂ 'ಮಹಾಗಾಳಿಯ ರಾತ್ರಿ' ಎಂದು ಜನರ ನೆನಪಿನಲ್ಲಿದೆ. 2025ರ ಜನವರಿ 24ರ 'ಏಯೊವಿನ್' ಬಿರುಗಾಳಿಯಲ್ಲಿ ಗಾಲ್ವೇ ಕೌಂಟಿಯ ಮೇಸ್ ಹೆಡ್‌ನಲ್ಲಿ ಗಂಟೆಗೆ 183 ಕಿಲೋಮೀಟರ್ ವೇಗದ ಗಾಳಿ ದಾಖಲಾಗಿ, 1945ರ ದಾಖಲೆಯನ್ನು ಮುರಿಯಿತು.

ಜನಜೀವನದ ಮೇಲೆ ಪರಿಣಾಮ

ವರ್ಷದ ಬಹುಭಾಗ ಬೆಳೆಯುವ ಹುಲ್ಲು ದನ ಮತ್ತು ಕುರಿ ಸಾಕಣೆಗೆ ಆಧಾರವಾಗಿದೆ. ಆದರೆ ಇದೇ ತಂಪು ಮತ್ತು ತೇವ 1845ರಲ್ಲಿ ಆಲೂಗೆಡ್ಡೆಯ ಅಂಗಮಾರಿ ರೋಗವು ವೇಗವಾಗಿ ಹರಡಲು ನೆರವಾಯಿತು. ಅದರಿಂದ ಆರಂಭವಾಗಿ 1852ರವರೆಗೆ ಮುಂದುವರಿದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಸತ್ತರು. ಅಷ್ಟೇ ಅಥವಾ ಅದಕ್ಕೂ ಹೆಚ್ಚು ಜನರು ನಾಡನ್ನು ತೊರೆದರು. ವಾಯುಗುಣವೊಂದೇ ಇದಕ್ಕೆ ಕಾರಣವಲ್ಲ. ಬಡವರು ಒಂದೇ ಬೆಳೆಯನ್ನು ನೆಚ್ಚಿಕೊಳ್ಳುವಂತೆ ಮಾಡಿದ ಭೂಹಿಡುವಳಿ ಪದ್ಧತಿ ಮತ್ತು ಬ್ರಿಟಿಷ್ ಸರ್ಕಾರದ ಸಾಲದ ಪರಿಹಾರ ಕಾರ್ಯಗಳು ರೋಗವನ್ನು ಕ್ಷಾಮವಾಗಿಸಿದವು.

ಹವಾಮಾನ ವೀಕ್ಷಣೆ

ಅಟ್ಲಾಂಟಿಕ್ ಕಡೆಯಿಂದ ಬರುವ ಹವಾಮಾನವು ಯುರೋಪಿನಲ್ಲಿ ಮೊದಲು ತಲುಪುವ ನೆಲಗಳಲ್ಲಿ ಐರ್ಲೆಂಡ್ ಒಂದು. ಆದ್ದರಿಂದ ಇಲ್ಲಿನ ವೀಕ್ಷಣೆಗಳಿಗೆ ವಿಶೇಷ ಮಹತ್ವವಿದೆ. 1944ರ ಜೂನ್ ಆರಂಭದಲ್ಲಿ ಮೇಯೊ ಕೌಂಟಿಯ ಬ್ಲ್ಯಾಕ್‌ಸಾಡ್‌ನ ಅಂಚೆ ಕಚೇರಿಯಲ್ಲಿದ್ದ ಮೊರೀನ್ ಫ್ಲಾವಿನ್ ಎಂಬ ಯುವತಿಯು ವಾಯುಭಾರ ವೇಗವಾಗಿ ಇಳಿಯುತ್ತಿರುವುದನ್ನು ವರದಿ ಮಾಡಿದರು. ಆ ವರದಿಯ ಪಾತ್ರವೂ ಸೇರಿ, ಮಿತ್ರರಾಷ್ಟ್ರಗಳು ಜೂನ್ 5ಕ್ಕೆ ನಿಗದಿಯಾಗಿದ್ದ ನಾರ್ಮಂಡಿ ದಾಳಿಯನ್ನು ಒಂದು ದಿನ ಮುಂದೂಡಿದವು. ಇಂದು ಐರ್ಲೆಂಡ್ ಗಣರಾಜ್ಯದಲ್ಲಿ ಹವಾಮಾನ ಮುನ್ಸೂಚನೆಯ ಹೊಣೆಯನ್ನು 'ಮೆಟ್ ಏರನ್' ಸಂಸ್ಥೆಯು ನಿರ್ವಹಿಸುತ್ತದೆ.